ತಿಳಿನೀರು ಬಂದ ಮೇಲೆ

ರಜೆಯ ದಿನ ಮನೆಯಂಗಳದಲ್ಲೇ ಕಾರಿನ ರೇಡಿಯೇಟರ್ ಫ್ಲಶ್ ಮಾಡುವ ಕೆಲಸಕ್ಕೆ ಈಚೆಗೆ ಒಂದು ಪ್ರತಿಷ್ಠೆ ಬಂದಿದೆ. ಗ್ಯಾರೇಜಿನ ದುಡ್ಡು ಉಳಿಯಿತೆಂಬ ಹೆಮ್ಮೆ, ಕೈಯಾರೆ ಮಾಡಿದೆನೆಂಬ ತೃಪ್ತಿ ಎರಡೂ ಅದರಲ್ಲಿವೆ. ಅವುಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಆ ಕೆಲಸ ಸರಿಯಾಯಿತೆಂದು ತೀರ್ಮಾನಿಸುವ ರೀತಿಯ ಮೇಲೆ. ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ, ಮೇಲಿನಿಂದ ನಲ್ಲಿಯ ಪೈಪು ಬಿಟ್ಟು, ಹೊರಗೆ ತಿಳಿನೀರು ಬಂತೆಂದರೆ ಗೆದ್ದೆವು ಎನ್ನುತ್ತಾರೆ. ಕೆಲಸ ಕೆಡಲು ಶುರುವಾಗುವುದೇ ಅಲ್ಲಿಂದ.

ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಬಾರದು, ಕೂಲಂಟ್ ತುಂಬಿದ ಮೇಲೆ ಒಳಗಿನ ಗಾಳಿ ತೆಗೆಯಬೇಕು ಎಂಬುದನ್ನೆಲ್ಲ ಬೋನೆಟ್ ಎತ್ತಿ ರೂಢಿಯಿರುವವರಿಗೆ ಹೇಳಬೇಕಿಲ್ಲ. ಹೇಳಬೇಕಾದದ್ದು ಥರ್ಮೋಸ್ಟಾಟಿನ ವಿಷಯ. ಎಂಜಿನ್ ತಣ್ಣಗಿದ್ದಾಗ ಅದು ಮುಚ್ಚಿಕೊಂಡಿರುತ್ತದೆ. ಒಳಗಿನ ಮೇಣ ಕರಗಿ ಹಿಗ್ಗಿ ದಾರಿ ಬಿಡಲು ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿ ಕಾವು ಬೇಕು. ಅಲ್ಲಿಯವರೆಗೆ ನಲ್ಲಿಯ ನೀರು ರೇಡಿಯೇಟರಿನೊಳಗೆ ಹೊಕ್ಕು ಅಲ್ಲಿಂದಲೇ ಹೊರಬೀಳುತ್ತದೆ. ಅಂದರೆ ತಿಳಿನೀರಿನ ಸಾಕ್ಷ್ಯ ರೇಡಿಯೇಟರಿನ ಮಟ್ಟಿಗೆ ಮಾತ್ರ. ಎಂಜಿನ್ ಬ್ಲಾಕಿನಲ್ಲಿ, ಹೀಟರಿನ ಸಣ್ಣ ಕೊಳವೆಗಳಲ್ಲಿ ಹಳೆಯದು ಹಾಗೇ ಕೂತಿರುತ್ತದೆ.

ಇದನ್ನು ಬಲ್ಲ ಜಾಣರು ಪ್ರತಿ ಸಲ ನೀರು ತುಂಬಿ, ಹೀಟರ್ ಹಾಕಿ, ಎಂಜಿನ್ ಬಿಸಿ ಮಾಡಿ, ಆರಿಸಿ, ಬಸಿದು, ಮತ್ತೆ ತುಂಬುತ್ತಾರೆ. ಇವರ ಲೆಕ್ಕವನ್ನೇ ನೋಡೋಣ. ಒಟ್ಟು ನಾಲ್ಕು ಲೀಟರು ಹಿಡಿಯುವ ಸಣ್ಣ ಕಾರು, ಡ್ರೈನ್ ಪ್ಲಗ್‌ನಿಂದ ಎರಡು ಲೀಟರು ಇಳಿಯಿತು, ಉಳಿದೆರಡು ಬ್ಲಾಕಿನಲ್ಲಿ ನಿಂತಿತು ಎಂದಿಟ್ಟುಕೊಳ್ಳಿ. ಒಂದು ಸಲ ನೀರು ತುಂಬಿ ಓಡಿಸಿದರೆ ಹಳೆಯ ಕೂಲಂಟ್ ಅರ್ಧ ಉಳಿಯುತ್ತದೆ. ಎರಡನೆಯದಕ್ಕೆ ಕಾಲು, ಮೂರಕ್ಕೆ ಅರೆಕಾಲು, ನಾಲ್ಕಕ್ಕೆ ಹದಿನಾರರಲ್ಲಿ ಒಂದು ಪಾಲು. ಇಷ್ಟು ಹೊತ್ತಿಗೆ ಹಸಿರು ಬಣ್ಣ ಕಣ್ಣಿಗೆ ಬೀಳುವುದು ಕಷ್ಟ. ಆದರೆ ಕೊನೆಯ ಸಲ ಬಸಿದ ಮೇಲೂ ಬ್ಲಾಕಿನಲ್ಲಿ ಎರಡು ಲೀಟರು ನಲ್ಲಿಯ ನೀರು ಉಳಿದಿದೆಯಲ್ಲ? ಅದರ ಮೇಲೆ ಅಂಗಡಿಯಿಂದ ತಂದ ಅರ್ಧಕ್ಕರ್ಧ ರೆಡಿಮಿಕ್ಸ್ ಕೂಲಂಟನ್ನು ಎರಡು ಲೀಟರು ಸುರಿಯುತ್ತಾರೆ. ಡಬ್ಬದ ಮೇಲೆ ‘ನೀರು ಬೆರೆಸಬೇಡಿ’ ಎಂದು ಬರೆದಿದೆ, ಇವರೂ ಕೈಯಾರೆ ಬೆರೆಸಿಲ್ಲ. ಬ್ಲಾಕು ಬೆರೆಸಿತು. ಶೇಕಡಾ 50 ಇರಬೇಕಿದ್ದ ಗ್ಲೈಕಾಲ್ 25ಕ್ಕೆ ಇಳಿಯಿತು. ಅದರ ಜತೆಗೇ ಲೋಹ ಕಾಯುವ ರಾಸಾಯನಿಕಗಳೂ ಅರ್ಧವಾದವು. ತೊಳೆಯದೆ ಬರೀ ಬಸಿದು ಅದೇ ಬಗೆಯ ಕೂಲಂಟ್ ತುಂಬಿದ ಸೋಮಾರಿಯ ಕಾರಿನಲ್ಲಿ ಇದಕ್ಕಿಂತ ಒಳ್ಳೆಯ ದ್ರವ ಓಡುತ್ತಿರುತ್ತದೆ.

ದಾರಿ ಇಲ್ಲವೆಂದಲ್ಲ. ಕೊನೆಯ ಎರಡು ಮೂರು ಸಲವಾದರೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲೇ ತೊಳೆದು, ಆಮೇಲೆ ರೆಡಿಮಿಕ್ಸ್ ಬಿಟ್ಟು ನೀರು ಸೇರಿಸದ ಗಟ್ಟಿ ಕೂಲಂಟ್ ತಂದು, ಒಟ್ಟು ಹಿಡಿಯುವುದರ ಅರ್ಧದಷ್ಟನ್ನು ಮೊದಲು ಹೊಯ್ದರೆ ಲೆಕ್ಕ ಕೂಡಿಬರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಬ್ಲಾಕಿಗೇ ಬೇರೆ ಡ್ರೈನ್ ಪ್ಲಗ್ ಇರುತ್ತದೆ. ಅದು ಸಿಕ್ಕಿದರೆ ಇನ್ನೂ ಸಲೀಸು. ಆದರೆ ಮನೆ ಫ್ಲಶ್ಶಿನ ಗುಣಗಾನ ಮಾಡುವವರ ಬಾಯಲ್ಲಿ ಈ ಕೊನೆಯ ಲೆಕ್ಕ ನಾನು ಕೇಳಿದ್ದು ಅಪರೂಪ. ಅವರ ವರ್ಣನೆಯೆಲ್ಲ ಹೊರಬಂದ ಕೊಳೆಯ ಮೇಲೆ.

ಇನ್ನೊಂದು ಪಂಗಡವಿದೆ: ‘ನೀರೇ ಸಾಕು’ ಪಂಗಡ. ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಟ್ಟುಕೊಂಡು ಅಂಬಾಸಡರ್‌ನಲ್ಲಿ ಶಿರಾಡಿ ಘಾಟಿ ಹತ್ತಿದವರು ಇದರ ಹಿರಿಯರು. ನಮ್ಮೂರಲ್ಲೇನು ಹಿಮ ಬೀಳುತ್ತದೆಯೇ, ಕೂಲಂಟ್ ಎನ್ನುವುದು ಕಂಪನಿಗಳ ವ್ಯಾಪಾರ ಎಂಬುದು ಇವರ ವಾದ. ಇವರನ್ನು ಗೇಲಿ ಮಾಡುವ ಹೊಸಬರು ಕೂಲಂಟ್ ನೀರಿಗಿಂತ ಚೆನ್ನಾಗಿ ಕಾವು ಹೀರುತ್ತದೆ ಎಂದು ಎದುರು ವಾದ ಹೂಡುತ್ತಾರೆ. ಅದು ಶುದ್ಧ ತಪ್ಪು. ಕಾವು ಹೊರುವುದರಲ್ಲಿ ನೀರಿಗೆ ಸಮನಿಲ್ಲ. ಗ್ಲೈಕಾಲ್ ಸೇರಿದಷ್ಟೂ ಆ ಶಕ್ತಿ ತಗ್ಗುತ್ತದೆ. ಕುದಿಯುವ ಬಿಂದುವಿನ ಮಾತೂ ಅಷ್ಟೆ: ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ 108 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಬರೀ ನೀರನ್ನೇ ಸುಮಾರು ಒಂದು ಬಾರ್ ಒತ್ತಡ ಹಿಡಿಯುವ ಮುಚ್ಚಳದಡಿ ಇಟ್ಟರೆ ಅದು ಕುದಿಯಲು 120 ಡಿಗ್ರಿ ಬೇಕು. ಹೆಚ್ಚಿನ ಪಾಲು ಕೆಲಸ ಮುಚ್ಚಳದ್ದು, ಹೊಗಳಿಕೆ ಡಬ್ಬಕ್ಕೆ. ಇಷ್ಟರ ಮಟ್ಟಿಗೆ ಹಿರಿಯರದೇ ಸರಿ.

ಆದರೂ ಅವರು ಸೋಲುತ್ತಾರೆ, ಲೋಹದ ವಿಷಯದಲ್ಲಿ. ಅಂಬಾಸಡರ್‌ನ ಎಂಜಿನ್ ಎರಕದ ಕಬ್ಬಿಣದ್ದು. ತುಕ್ಕು ಹಿಡಿದರೂ ದಪ್ಪ ಗೋಡೆ ತಡೆದುಕೊಳ್ಳುತ್ತಿತ್ತು. ಇವತ್ತಿನ ಕಾರಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ತೆಳು ಅಲ್ಯೂಮಿನಿಯಂ. ನೀರಿನ ಕ್ಲೋರೈಡ್ ಅದನ್ನು ಚುಕ್ಕಿ ಚುಕ್ಕಿಯಾಗಿ ತೂತು ಮಾಡುತ್ತದೆ. ಕೋಲಾರದಂಥ ಕಡೆಯ ಬೋರ್‌ವೆಲ್ ನೀರಾದರೆ ಬಿಸಿ ಗೋಡೆಗೇ ಸುಣ್ಣ ಕಟ್ಟುತ್ತದೆ, ಸ್ನಾನದ ಗೀಸರಿನ ಸುರುಳಿಗೆ ಕಟ್ಟಿದ ಹಾಗೆ. ಆ ಪದರ ಕಾವನ್ನು ದ್ರವಕ್ಕೆ ದಾಟಲು ಬಿಡುವುದಿಲ್ಲ. ಅದನ್ನು ಕರಗಿಸಲೆಂದು ವಿನೆಗರ್, ನಿಂಬೆ ಉಪ್ಪು ಹಾಕಿ ಎಂಬ ಉಪದೇಶ ಬೇರೆ! ಆ ಹುಳಿ ಸುಣ್ಣದ ಜತೆ ಅಲ್ಯೂಮಿನಿಯಂ ಅನ್ನೂ ಮುಟ್ಟುತ್ತದೆ, ಪೂರ್ತಿ ತೊಳೆದು ಹೋಗದಿದ್ದರೆ ಹೊಸ ಕೂಲಂಟಿನ ರಕ್ಷಣೆಯನ್ನೂ ತಿನ್ನುತ್ತದೆ. ಬಣ್ಣ ನೋಡಿ ಕೂಲಂಟ್ ಕೊಳ್ಳುವವರ ಬಗ್ಗೆ ಹೆಚ್ಚು ಬರೆಯುವ ತಾಳ್ಮೆ ನನಗಿಲ್ಲ. ಹಸಿರು, ಕೆಂಪು, ನೀಲಿ ಬರೀ ಬಣ್ಣದ ಪುಡಿ; ಒಳಗಿನ ರಾಸಾಯನಿಕ ಯಾವುದೆಂದು ತಿಳಿಯಲು ಕಾರಿನ ಜತೆ ಬಂದ ಕೈಪಿಡಿ ತೆರೆಯಬೇಕು.

ಹಾಗಾದರೆ ಫ್ಲಶ್ ಯಾವತ್ತೂ ಬೇಡವೇ? ಹೊರಬಂದದ್ದು ತುಕ್ಕು ಬಣ್ಣದ ರಾಡಿಯಾಗಿದ್ದರೆ ಬೇಕು. ಯಾರೋ ಎರಡು ಬಗೆಯ ಕೂಲಂಟ್ ಬೆರೆಸಿ ಒಳಗೆ ಲೋಳೆಗಟ್ಟಿದ್ದರೆ, ವರ್ಷಗಟ್ಟಲೆ ಬೋರ್ ನೀರಿನಲ್ಲೇ ಓಡಿದ ಸೆಕೆಂಡ್ ಹ್ಯಾಂಡ್ ಕಾರನ್ನು ಕೊಂಡಿದ್ದರೆ, ಆಗಲೂ ಬೇಕು. ಹೊತ್ತಿಗೆ ಸರಿಯಾಗಿ ಕೂಲಂಟ್ ಬದಲಿಸಿಕೊಂಡು ಬಂದ ಕಾರಿಗೆ ಬಸಿದು ತುಂಬಿದರೆ ಸಾಕು.

ತೊಳೆಯುವುದಕ್ಕೆ ಇನ್ನೊಂದು ಬೆಲೆಯೂ ಇದೆ. ಬರೀ ಬಸಿದರೆ ಕೈಗೆ ಬರುವುದು ಎರಡು ಲೀಟರು ವಿಷ. ನಾಲ್ಕು ಸಲ ತೊಳೆದರೆ ಅದು ಹತ್ತು ಲೀಟರು. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಸೋತು ಸಾಯುತ್ತದೆ. ಗ್ಯಾರೇಜಿನ ಹಳೆಯ ಎಂಜಿನ್ ಆಯಿಲ್‌ಗಾದರೂ ಕೊಳ್ಳುವವರಿದ್ದಾರೆ, ಈ ನೀರನ್ನು ಕೇಳುವವರಿಲ್ಲ. ಅಂಗಳದ ಇಳಿಜಾರು ಎತ್ತ ಇದೆಯೋ ಅತ್ತ, ಮನೆಮುಂದಿನ ಮೋರಿಗೆ ಅದು ಹೋಗುತ್ತದೆ.