ಚಲನಚಿತ್ರ ಭಿತ್ತಿಪತ್ರಗಳ ಸಂಗ್ರಹ: ‘ಮೂಲಪ್ರತಿ’ಯ ಪ್ರಶ್ನೆ

ಹಳೆಯ ಚಲನಚಿತ್ರ ಭಿತ್ತಿಪತ್ರಗಳ ಸಂಗ್ರಾಹಕರಲ್ಲಿ ‘ಮೂಲ’ ಎಂಬ ಮಾತಿಗೆ ಸಾಮಾನ್ಯವಾಗಿ ಒಂದೇ ಅರ್ಥ: ಚಿತ್ರದ ಮೊದಲ ಬಿಡುಗಡೆಗೆಂದು ಅಚ್ಚಾದ ಹಾಳೆ. ಮರುಬಿಡುಗಡೆಯ ಹಾಳೆಗೆ ಅದಕ್ಕಿಂತ ಕಡಿಮೆ ಬೆಲೆ. ಈಚಿನ ನಕಲು ಲೆಕ್ಕಕ್ಕೇ ಇಲ್ಲ. ಮಾರುಕಟ್ಟೆಗೆ ಈ ಶ್ರೇಣಿ ಸಾಕು. ಸಂಶೋಧನೆಯೂ ಇದನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ಆಕರಗಳ ದೊಡ್ಡ ಭಾಗವೇ ಕೈತಪ್ಪುತ್ತದೆ.

ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಇಂಥ ಚಿತ್ರಗಳ ಅಧ್ಯಯನದಲ್ಲಿ ಸ್ಥಿರಚಿತ್ರ, ಜಾಹೀರಾತು, ಹಾಡಿನ ಪುಸ್ತಕ, ಭಿತ್ತಿಪತ್ರಗಳೇ ಪ್ರಧಾನ ಆಕರಗಳಾಗುತ್ತವೆ. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಗಳೊಡನೆ ಇವನ್ನೂ ಕಾಪಿಟ್ಟದ್ದು ಇದೇ ಕಾರಣದಿಂದ ಮುಖ್ಯ. ಗೋಡೆಗೆ ಅಂಟಿಸಿದ ಹಾಳೆ ಮುಂದಿನ ಚಿತ್ರದ ಹಾಳೆಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹೀಗಾಗಿ ಇಂದು ದೊರೆಯುವುದು ಬಹುಮಟ್ಟಿಗೆ ಬಳಕೆಗೆ ಬಾರದೆ ಮಿಕ್ಕ ಪ್ರತಿ. ಈ ವೈಚಿತ್ರ್ಯ ಸಂಗ್ರಾಹಕರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ.

ಕಾಲನಿರ್ಣಯ ಇಲ್ಲಿಯ ಜಟಿಲ ಸಮಸ್ಯೆ. ಅಮೆರಿಕದಲ್ಲಿ 1940ರಿಂದ ಭಿತ್ತಿಪತ್ರಗಳ ವಿತರಣೆಯಲ್ಲಿ ಪ್ರಮುಖವಾಗಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಸಂಸ್ಥೆಯ ಹಾಳೆಗಳ ಅಂಚಿನಲ್ಲಿ ವರ್ಷಸೂಚಕ ಸಂಖ್ಯೆ ಇರುತ್ತಿತ್ತು. ಮರುಬಿಡುಗಡೆಯಾದರೆ ಅದರ ಹಿಂದೆ ಸಾಮಾನ್ಯವಾಗಿ ‘ಆರ್’ ಅಕ್ಷರ ಸೇರುತ್ತಿತ್ತು. ಭಾರತದಲ್ಲಿ ಅಂಥ ಏಕರೂಪದ ವ್ಯವಸ್ಥೆ ಬೆಳೆಯಲಿಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆ ಮುದ್ರಿತ ಕಾಗದದ ಮೇಲೆ ಮುದ್ರಕರ ಹೆಸರನ್ನೂ ಸ್ಥಳವನ್ನೂ ಕೇಳಿತು, ವರ್ಷವನ್ನು ಕೇಳಲಿಲ್ಲ. ಆದರೂ ಹಾಳೆಯ ಬುಡದ ಆ ಸಣ್ಣ ಸಾಲು ಬಹಳಷ್ಟನ್ನು ಹೇಳಬಲ್ಲದು. ಆರು ಅಂಕಿಗಳ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಹಾಳೆಯಲ್ಲಿ ಮುದ್ರಕರ ವಿಳಾಸ ‘ಮದ್ರಾಸ್-600 017’ ಎಂದಿದ್ದರೆ ಅದು ಮೊದಲ ಬಿಡುಗಡೆಯದಲ್ಲವೆಂಬುದು ನಿಶ್ಚಿತ. ‘ಮದ್ರಾಸ್-17’ ಎಂದಷ್ಟೇ ಇದ್ದರೆ ಹಾಳೆ ಹಳೆಯದೆಂದು ಸಿದ್ಧವಾಗದು. ವಲಯಸಂಖ್ಯೆ ಬರೆಯುವ ರೂಢಿ ಆಮೇಲೂ ಉಳಿದಿತ್ತು. ಈ ಸಾಕ್ಷ್ಯಕ್ಕೆ ನಿರಾಕರಿಸುವ ಬಲವಿದೆ, ಸ್ಥಾಪಿಸುವ ಬಲವಿಲ್ಲ.

ಹಾಗೆ ನಿರಾಕೃತವಾದ ಹಾಳೆಯ ಗತಿಯೇನು? ಹಸ್ತಪ್ರತಿಗಳ ವಿಷಯದಲ್ಲಿ ಕನ್ನಡ ಗ್ರಂಥಸಂಪಾದನೆ ಇದಕ್ಕೆ ಉತ್ತರ ಕಂಡುಕೊಂಡಿದೆ. ಪ್ರತಿ ಈಚಿನದೆಂಬ ಒಂದೇ ಕಾರಣಕ್ಕೆ ಸಂಪಾದಕ ಅದನ್ನು ಕೈಬಿಡುವುದಿಲ್ಲ. ಅದರ ಪಾಠಾಂತರಗಳನ್ನು ಗುರುತಿಸಿಕೊಳ್ಳುತ್ತಾನೆ. ಮರುಬಿಡುಗಡೆಯ ಭಿತ್ತಿಪತ್ರವೂ ಅಂಥ ಪಾಠಾಂತರವೇ. ಯಾವ ನಟನ ಹೆಸರು ಹಿಗ್ಗಿತು, ಯಾರ ಮುಖ ಮೂಲೆಗೆ ಸರಿಯಿತು, ಕುಂಚದ ಚಿತ್ರದ ಜಾಗಕ್ಕೆ ಛಾಯಾಚಿತ್ರ ಎಂದು ಬಂತು ಎಂಬುದನ್ನು ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ಕಾಣಬಹುದು. ಮೊದಲ ಬಿಡುಗಡೆಯನ್ನಷ್ಟೇ ಆಯ್ದ ಸಂಗ್ರಹ, ಎಷ್ಟೇ ಬೆಲೆಬಾಳಲಿ, ಈ ಪ್ರಶ್ನೆಗಳ ಮುಂದೆ ಮೂಕವಾಗುತ್ತದೆ. ಅಲಂಕಾರಕ್ಕೆಂದು ಈಚೆಗೆ ತೆಗೆದ ಡಿಜಿಟಲ್ ನಕಲಿಗೆ ಮಾತ್ರ ಈ ಮಾನ್ಯತೆ ಸಲ್ಲದು. ಅದು ಯಾವ ಪ್ರದರ್ಶನಕ್ಕೂ ಪ್ರೇಕ್ಷಕರನ್ನು ಕರೆದದ್ದಲ್ಲ.

ಸಂರಕ್ಷಣೆಯ ಹೆಸರಿನಲ್ಲಿ ನಡೆಯುವ ಕೆಲವು ಕ್ರಮಗಳೂ ಆಕ್ಷೇಪಾರ್ಹ. ಹಾಳೆಯನ್ನು ಬಟ್ಟೆಗೆ ಅಂಟಿಸಿದರೆ ಅದು ಗಟ್ಟಿಯಾಗುತ್ತದೆ, ನಿಜ. ಹಿಂಬದಿಯಲ್ಲಿ ವಿತರಕರ ಮೊಹರೋ ಚಿತ್ರಮಂದಿರದ ಬರಹವೋ ಇದ್ದರೆ ಅದು ಶಾಶ್ವತವಾಗಿ ಮರೆಯಾಗಬಹುದು. ಅಂಟಿಸುವ ಮುನ್ನ ಎರಡೂ ಬದಿಗಳ ಛಾಯಾಚಿತ್ರ ತೆಗೆದು, ಅಳತೆಯನ್ನೂ ಮುದ್ರಕರ ಸಾಲನ್ನೂ ಇದ್ದಂತೆಯೇ ಸೂಚಿಯಲ್ಲಿ ದಾಖಲಿಸುವುದು ಗ್ರಂಥಾಲಯಗಳಿಗೆ ಕಷ್ಟದ ಕೆಲಸವಲ್ಲ. ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸಿದಾಗ ಮೊದಲು ಹೋಗುವುದು ಬುಡದ ಆ ಸಾಲೇ.