ಅಂಶ ಕಂಡಿತು, ಛೇದ ಕಾಣಲಿಲ್ಲ

ಬಿಎಂಐ ಭಾರತೀಯರ ಮೈಗೆ ಒಗ್ಗದ ಅಳತೆ, ನಮ್ಮ ಬೊಜ್ಜು ಇರುವುದು ಹೊಟ್ಟೆಯಲ್ಲಿ. ಆದ್ದರಿಂದ ತೂಕದ ಯಂತ್ರ ಬಿಟ್ಟು ಟೇಪು ಹಿಡಿಯಿರಿ, ಸೊಂಟದ ಸುತ್ತಳತೆಯನ್ನು ನಿತಂಬದ ಸುತ್ತಳತೆಯಿಂದ ಭಾಗಿಸಿ, ಗಂಡಸರಲ್ಲಿ 0.90, ಹೆಂಗಸರಲ್ಲಿ 0.85 ದಾಟಿದರೆ ಎಚ್ಚರವಾಗಿ. ಆರೋಗ್ಯ ಪುರವಣಿಗಳಲ್ಲಿ ಈಗ ಇದೇ ಸರ್ವಸಮ್ಮತ ಮಾತು. ಇದರ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. 2004ರಲ್ಲಿ ಪುಣೆಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ಎಂಬ ಇಬ್ಬರು ವೈದ್ಯ ವಿಜ್ಞಾನಿಗಳು ತಮ್ಮದೇ ದೇಹಗಳನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುರಾವೆಯಾಗಿ ಇಟ್ಟರು. ಇಬ್ಬರ ಬಿಎಂಐ 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಬಿಎಂಐ ಏನನ್ನು ಮರೆಮಾಚುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ನನ್ನ ಜಗಳವಿರುವುದು ಉಳಿದರ್ಧದ ಜೊತೆ. ಸೊಂಟ–ನಿತಂಬ ಅನುಪಾತ ಕೊಬ್ಬಿನ ಪ್ರಮಾಣವನ್ನು ಅಳೆಯುವುದೇ ಇಲ್ಲ. ಸೊಂಟ 108 ಸೆಂ.ಮೀ., ನಿತಂಬ 120 ಇರುವವನ ಅನುಪಾತ 0.90. ಸೊಂಟ 81, ನಿತಂಬ 90 ಇರುವವನದೂ 0.90. ಮೊದಲನೆಯವನು ಸ್ಥೂಲಕಾಯ, ಎರಡನೆಯವನು ತೆಳ್ಳಗಿನ ಆಳು. ಇಬ್ಬರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವ ಸಂಖ್ಯೆಯನ್ನು ಬೊಜ್ಜಿನ ಅಳತೆ ಎಂದು ಕರೆಯಲು ನಾನು ಸಿದ್ಧನಿಲ್ಲ.

ಹಾಗಾದರೆ ಇದು ಹುಸಿ ಅಳತೆಯೇ? ಖಂಡಿತ ಅಲ್ಲ. 1947ರಲ್ಲಿ ಮಾರ್ಸೇಯ ವೈದ್ಯ ಜಾನ್ ವಾಗ್ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದೇ ಮುಖ್ಯ ಎಂದಾಗಿನಿಂದ ಈ ವಾದಕ್ಕೆ ಬಲ ಬರುತ್ತಲೇ ಇದೆ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಬೆಂಗಳೂರಿನಲ್ಲಿ ಮೊದಲ ಬಾರಿ ಹೃದಯಾಘಾತವಾದ 200 ಜನರನ್ನು, ಅದೇ ವಯೋಮಾನದ ಇತರ 200 ಜನರ ಜೊತೆ ಹೋಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧೂಮಪಾನ ಮತ್ತು ರಕ್ತದ ಸಕ್ಕರೆಯ ಜೊತೆಗೆ ಈ ಅನುಪಾತವೂ ಅಪಾಯದ ಸ್ವತಂತ್ರ ಸೂಚಕವಾಗಿ ನಿಂತಿತು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2005ರಲ್ಲಿ ಹೃದಯಾಘಾತದೊಂದಿಗಿನ ನಂಟಿನಲ್ಲಿ ಇದು ಬಿಎಂಐಯನ್ನು ಬಹಳ ಹಿಂದೆ ಹಾಕುತ್ತದೆ ಎಂದು ತೋರಿಸಿತು. ಎರಡೂ ಕಡೆ ಟೇಪು ಹಿಡಿದದ್ದು ಹೃದಯಾಘಾತವಾದ ಮೇಲೆ ಎಂಬ ಮಿತಿಯನ್ನು ಗಮನದಲ್ಲಿಟ್ಟರೂ ಈ ಪುರಾವೆಯನ್ನು ತಳ್ಳಿಹಾಕಲಾಗದು.

ಆದರೆ ಈ ಬಲ ಎಲ್ಲಿಂದ ಬಂತು ಎಂದು ನಮ್ಮ ಲೇಖಕರು ಕೇಳಿಕೊಳ್ಳುವುದಿಲ್ಲ. ಹೊಟ್ಟೆಯಿಂದ ಎಂದು ಊಹಿಸಿ ಮುಂದೆ ಹೋಗುತ್ತಾರೆ. ಇಂಟರ್‌ಹಾರ್ಟ್‌ನ ಆ ವರದಿಯೇ ಇನ್ನೊಂದು ಮಾತನ್ನೂ ಹೇಳಿತ್ತು: ನಿತಂಬದ ಸುತ್ತಳತೆ ಹೆಚ್ಚಿದಷ್ಟೂ ಹೃದಯಾಘಾತದ ಸಂಭವ ಕಡಿಮೆ. ತೊಡೆ–ನಿತಂಬಗಳ ಚರ್ಮದಡಿಯ ಕೊಬ್ಬು ಊಟದ ನಂತರ ರಕ್ತದಲ್ಲಿ ಹರಿಯುವ ಮೇದಾಮ್ಲಗಳನ್ನು ಹೀರಿ, ದೀರ್ಘಕಾಲ ಹಿಡಿದಿಡುತ್ತದೆ. ಅಲ್ಲಿ ಜಾಗ ಸಾಲದಿದ್ದರೆ ಅದೇ ಕೊಬ್ಬು ಯಕೃತ್ತಿಗೆ, ಸ್ನಾಯುಗಳಿಗೆ, ಕರುಳಿನ ಸುತ್ತಮುತ್ತಲಿಗೆ ಸೇರುತ್ತದೆ. ನಿತಂಬದ ಸುತ್ತಳತೆಯಲ್ಲಿ ಸ್ನಾಯುವಿದೆ, ಮೂಳೆಕಟ್ಟೂ ಇದೆ. ಅಂದರೆ ಅಂಶ ಹೆಚ್ಚಿದರೂ ಅನುಪಾತ ಏರುತ್ತದೆ, ಛೇದ ಕುಗ್ಗಿದರೂ ಏರುತ್ತದೆ. ಒಂದು ಅತಿಯಾದುದರ ಕತೆ, ಇನ್ನೊಂದು ಕೊರತೆಯ ಕತೆ.

ಇದು ಬರೀ ಗಣಿತದ ತಕರಾರಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಸೊಂಟವನ್ನೂ ನಿತಂಬವನ್ನೂ ಅಳೆಯಿತು. 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಬಿಎಂಐ 25 ಮುಟ್ಟಿದವರು ಶೇ 24; ಅನುಪಾತ 0.85 ಮುಟ್ಟಿದವರು ಶೇ 57. ಎರಡು ಅಂಕಿಗಳ ನಡುವಿನ ಈ ದೊಡ್ಡ ಕಂದರವನ್ನು ‘ಅಡಗಿದ ಬೊಜ್ಜು’ ಎಂದು ಓದುವುದು ರೂಢಿಯಾಗಿದೆ. ಒಂದು ಪಾಲಿಗೆ ಅದು ನಿಜವಿರಬಹುದು. ಆದರೆ ಬಾಲ್ಯದಿಂದ ಅರೆಹೊಟ್ಟೆಯಲ್ಲಿ ಬೆಳೆದು, ಪ್ರೋಟೀನ್ ಕಾಣದೆ, ತೊಡೆಯಲ್ಲಿ ಸ್ನಾಯುವೇ ಕಟ್ಟದ ಹೆಣ್ಣುಮಗಳ ಅನುಪಾತವೂ 0.85 ದಾಟಬಲ್ಲದು. ಅವಳಿಗೆ ಊಟ ಕಡಿಮೆ ಮಾಡು ಎನ್ನುವುದು ಅನ್ಯಾಯ. ಅವಳಿಗೆ ಬೇಕಾದ್ದು ಬೇಳೆ, ಮೊಟ್ಟೆ, ಹಾಲು ಮತ್ತು ಕಾಲಿಗೆ ಬಲ ತುಂಬುವ ವ್ಯಾಯಾಮ. ಬೊಜ್ಜು ಮತ್ತು ಅಪೌಷ್ಟಿಕತೆ ಅಕ್ಕಪಕ್ಕದ ಮನೆಗಳಲ್ಲಿರುವ ದೇಶದಲ್ಲಿ ಎರಡನ್ನೂ ಒಂದೇ ಭಿನ್ನರಾಶಿಗೆ ಸೇರಿಸಿ ಅದಕ್ಕೆ ಬೊಜ್ಜು ಎಂಬ ಒಂದೇ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ.

ಕಾರಣ ಯಾವುದಾದರೇನು, ಅಪಾಯ ಹೇಳಿದರೆ ಸಾಕಲ್ಲ ಎನ್ನುವವರಿದ್ದಾರೆ. ಸಮುದಾಯದ ಮಟ್ಟದಲ್ಲಿ ಆ ಮಾತು ನಿಲ್ಲುತ್ತದೆ. ವ್ಯಕ್ತಿಯ ಮಟ್ಟದಲ್ಲಿ ಕುಸಿಯುತ್ತದೆ. ಸೊಂಟ 100, ನಿತಂಬ 105 ಇದ್ದವರು ಕಷ್ಟಪಟ್ಟು ತೂಕ ಇಳಿಸಿ 90 ಮತ್ತು 97ಕ್ಕೆ ಬಂದರು ಎನ್ನೋಣ. ಹತ್ತು ಸೆಂಟಿಮೀಟರ್ ಹೊಟ್ಟೆ ಕರಗಿದೆ. ಅನುಪಾತ ಮಾತ್ರ 0.95ರಿಂದ 0.93ಕ್ಕೆ ಇಳಿದಿದೆ. ಟೇಪನ್ನು ಎರಡು ಸೆಂಟಿಮೀಟರ್ ಸಡಿಲವಾಗಿ ಹಿಡಿದರೂ ಅಷ್ಟೇ ವ್ಯತ್ಯಾಸ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದ ಪ್ರಕಾರ ಸೊಂಟವನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ ಅಳೆಯಬೇಕು. ಮನೆಯಲ್ಲಿ ಅಳೆಯುವವರು ಹೊಕ್ಕುಳಿನ ಮೇಲೋ ಪ್ಯಾಂಟಿನ ಗೆರೆಯ ಮೇಲೋ ಟೇಪು ಸುತ್ತುತ್ತಾರೆ. ಒಬ್ಬರ ಪ್ರಗತಿಯನ್ನು ತಿಂಗಳಿಂದ ತಿಂಗಳಿಗೆ ನೋಡಲು ಸೊಂಟದ ಸುತ್ತಳತೆಯೊಂದೇ ಹೆಚ್ಚು ಪ್ರಾಮಾಣಿಕ. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಸಲಹೆಯನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಕೊಟ್ಟಿತು; ಅದಕ್ಕೆ ಭಾಗಾಕಾರವೂ ಬೇಡ.

ಅನುಪಾತವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಕ್ಲಿನಿಕ್ಕಿನ ಚೀಟಿಯಲ್ಲಿ 0.88 ಎಂದಷ್ಟೇ ಬರೆಯಬೇಡಿ. ಸೊಂಟ ಇಷ್ಟು, ನಿತಂಬ ಇಷ್ಟು ಎಂದು ಎರಡನ್ನೂ ಸೆಂಟಿಮೀಟರಿನಲ್ಲಿ ಬರೆಯಿರಿ, ಪಕ್ಕದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯೂ ಇರಲಿ. ಸಮೀಕ್ಷೆಯ ಅಂಕಿಗಳನ್ನು ಚರ್ಚಿಸುವವರು ಶೇ 57ರ ಆ ಗುಂಪನ್ನು ಒಡೆದು ನೋಡಲಿ: ಎಷ್ಟು ಹೆಂಗಸರ ಸೊಂಟ ದೊಡ್ಡದು, ಎಷ್ಟು ಹೆಂಗಸರ ನಿತಂಬ ಸಣ್ಣದು.