ಟಿಎನ್‌ಎಫ್ ತಡೆ: ಉತ್ತರ ಸಿಕ್ಕ ಪ್ರಶ್ನೆ, ಉಳಿದ ಪ್ರಶ್ನೆ

ರುಮಟಾಯ್ಡ್ ಸಂಧಿವಾತದ ಬಗ್ಗೆ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಲಂಡನ್ನಿನಲ್ಲಿ ನಡೆಸಿದ ಸಂಶೋಧನೆಯನ್ನು ಮೆಚ್ಚುವವರು ಬಹುಮಟ್ಟಿಗೆ ಅದರಿಂದ ಹುಟ್ಟಿದ ಔಷಧಗಳನ್ನು ನೋಡಿ ಮೆಚ್ಚುತ್ತಾರೆ. ಅದು ಸಹಜವೇ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದ, ವರ್ಷಗಳು ಕಳೆದಂತೆ ಕೀಲುಗಳು ಸೊಟ್ಟಗಾಗಿ ಕೆಲಸ ಬಿಡಬೇಕಾಗುವ ಕಾಯಿಲೆಯೊಂದರ ದಾರಿಯನ್ನೇ ಈ ಔಷಧಗಳು ಬದಲಿಸಿದವು. ಇಬ್ಬರಿಗೂ 2003ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಆದರೆ ಔಷಧದ ಯಶಸ್ಸನ್ನೇ ವಿಜ್ಞಾನದ ಅಳತೆಗೋಲು ಮಾಡಿಕೊಂಡರೆ ಅವರ ಕೆಲಸದ ನಿಜವಾದ ಹೆಚ್ಚುಗಾರಿಕೆಯೂ ಕಾಣುವುದಿಲ್ಲ, ಕೊರತೆಯೂ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೆಚ್ಚುಗಾರಿಕೆ ಇರುವುದು ಅವರು ಪ್ರಶ್ನೆಯನ್ನು ಕೇಳಿಕೊಂಡ ಬಗೆಯಲ್ಲಿ. ಕೀಲಿನಲ್ಲಿ ಉರಿಯೂತ ಏಕೆ ಶುರುವಾಯಿತು ಎಂಬುದನ್ನು ಬದಿಗಿಟ್ಟು, ಶುರುವಾದದ್ದು ಏಕೆ ನಿಲ್ಲುತ್ತಿಲ್ಲ ಎಂದು ಅವರು ಕೇಳಿದರು. ಈ ಕೆಲಸದ ಮಿತಿ ಇರುವುದೂ ಅದೇ ಆಯ್ಕೆಯಲ್ಲಿ.

ಅವರು ಈ ಪ್ರಶ್ನೆ ಕೇಳಿದ ಕಾಲದ ತಿಳಿವಳಿಕೆ ಎಷ್ಟಿತ್ತೆಂಬುದನ್ನು ಮೊದಲು ನೆನಪಿಟ್ಟುಕೊಳ್ಳಬೇಕು. ರುಮಟಾಯ್ಡ್ ಸಂಧಿವಾತದಲ್ಲಿ ಕೀಲಿನ ಒಳಪೊರೆ ದಪ್ಪಗಾಗಿ, ಅಲ್ಲಿ ಮ್ಯಾಕ್ರೊಫೇಜ್, ಟಿ ಕೋಶ, ಬಿ ಕೋಶ ಎಂಬ ರೋಗನಿರೋಧಕ ಕೋಶಗಳು ಗುಂಪುಗೂಡುತ್ತವೆ. ಈ ಕೋಶಗಳು ಸೈಟೊಕೈನ್ ಎಂಬ ಪುಟ್ಟ ಪ್ರೊಟೀನುಗಳನ್ನು ಸುರಿಸಿ ಪರಸ್ಪರ ಕೆರಳಿಸುತ್ತವೆ. ಅವು ಒಂದೆರಡಲ್ಲ. ರೋಗಿಯ ಕೀಲಿನಿಂದ ತೆಗೆದ ಅಂಗಾಂಶದಲ್ಲಿ ಐಎಲ್-1, ಐಎಲ್-6, ಟಿಎನ್‌ಎಫ್ ಮುಂತಾದ ಹತ್ತಾರು ಸೈಟೊಕೈನ್‌ಗಳು ಒಟ್ಟಿಗೇ ಸಿಗುತ್ತಿದ್ದವು. ಒಂದರ ಕೆಲಸವನ್ನು ಇನ್ನೊಂದು ಮಾಡಬಲ್ಲದು. ಹಾಗಿರುವಾಗ ಒಂದನ್ನೇ ತಡೆದು ಏನು ಪ್ರಯೋಜನ ಎಂಬ ಅನುಮಾನ ಬಲವಾಗಿತ್ತು. ಅದು ಬುದ್ಧಿವಂತರ ಅನುಮಾನವೇ ಆಗಿತ್ತು. ಇದಕ್ಕೆ ಉತ್ತರ ಕೊಟ್ಟದ್ದು ಸರಳವಾದೊಂದು ಪ್ರಯೋಗ. ಫಿಯೊನುಲಾ ಬ್ರೆನನ್ ಈ ಇಬ್ಬರೊಂದಿಗೆ ಸೇರಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ರೋಗಿಗಳ ಕೀಲಿನ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವುಗಳಿಗೆ ಟಿಎನ್‌ಎಫ್ ಅನ್ನು ಹಿಡಿದು ನಿಷ್ಕ್ರಿಯಗೊಳಿಸುವ ಪ್ರತಿಕಾಯವನ್ನು ಬೆರೆಸಿದಾಗ ಐಎಲ್-1ರ ಉತ್ಪತ್ತಿಯೂ ಇಳಿಯಿತು. ಮುಂದಿನ ಪ್ರಯೋಗಗಳಲ್ಲಿ ಉರಿಯೂತದ ಇತರ ಸೈಟೊಕೈನ್‌ಗಳೂ ಹಾಗೆಯೇ ಇಳಿದವು. ಗುಂಪಿನಲ್ಲಿ ಎಲ್ಲರ ದನಿಯೂ ಒಂದೇ ಎತ್ತರದಲ್ಲಿಲ್ಲ, ಒಬ್ಬರ ಮಾತಿಗೆ ಉಳಿದವರು ಎದ್ದು ನಿಲ್ಲುತ್ತಾರೆ ಎಂಬುದು ಮೊದಲ ಸಲ ಮನುಷ್ಯರ ರೋಗಗ್ರಸ್ತ ಅಂಗಾಂಶದಲ್ಲೇ ಕಾಣಿಸಿತು.

ಈ ತಟ್ಟೆಯ ಪ್ರಯೋಗ ನನಗೆ ಔಷಧಕ್ಕಿಂತ ಮುಖ್ಯವಾಗಿ ಕಾಣುತ್ತದೆ. ರೋಗನಿರೋಧಕ ವಿಜ್ಞಾನದಲ್ಲಿ ಇಲಿಯಿಂದ ಮನುಷ್ಯರಿಗೆ ಜಿಗಿಯುವುದು ರೂಢಿ. ಆ ಜಿಗಿತದಲ್ಲಿ ಬಿದ್ದ ಸಿದ್ಧಾಂತಗಳಿಗೆ ಲೆಕ್ಕವಿಲ್ಲ. ಇವರು ಮನುಷ್ಯರ ಕೀಲಿನಿಂದಲೇ ಹೊರಟು, ಇಲಿಯನ್ನು ಸಾಕ್ಷಿಗೆ ಕರೆದರು. 1991ರಲ್ಲಿ ಗ್ರೀಸಿನ ಜಾರ್ಜ್ ಕೊಲ್ಲಿಯಾಸ್ ಅವರ ತಂಡ, ಮನುಷ್ಯರ ಟಿಎನ್‌ಎಫ್ ಜೀನನ್ನು ಸೇರಿಸಿ ಅದು ಅತಿಯಾಗಿ ಉತ್ಪತ್ತಿಯಾಗುವಂತೆ ಮಾಡಿದ ಇಲಿಗಳಿಗೆ ಸಂಧಿವಾತ ಬರುತ್ತದೆ, ಪ್ರತಿಕಾಯ ಕೊಟ್ಟರೆ ಅದನ್ನು ತಡೆಯಬಹುದು ಎಂದು ತೋರಿಸಿತು. ಲಂಡನ್ ತಂಡವೂ ಸಂಧಿವಾತ ಬರಿಸಿದ ಇಲಿಗಳಲ್ಲಿ ಪ್ರತಿಕಾಯದ ಪರಿಣಾಮವನ್ನು ಪರೀಕ್ಷಿಸಿತು. 1992ರಲ್ಲಿ ಚಾರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಯಾವ ಔಷಧಕ್ಕೂ ಬಗ್ಗದ 20 ರೋಗಿಗಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂದು ನಾವು ಇಂದು ಕರೆಯುವ ಪ್ರತಿಕಾಯವನ್ನು ಕೊಡಲಾಯಿತು. ಎಲ್ಲರ ನೋವು, ಊತ ತಗ್ಗಿದವು. ಹುಸಿಮದ್ದಿನ ಹೋಲಿಕೆಯಿಲ್ಲದ ಇಂಥ ಪ್ರಯೋಗವನ್ನು ಪೂರ್ತಿ ನಂಬುವಂತಿಲ್ಲ. ಅದನ್ನು ಸಂಶೋಧಕರೂ ಬಲ್ಲವರಾಗಿದ್ದರು. 1994ರಲ್ಲಿ ಪ್ರಕಟವಾದ, ಯುರೋಪಿನ ನಾಲ್ಕು ಕೇಂದ್ರಗಳ 73 ರೋಗಿಗಳ ಪ್ರಯೋಗದಲ್ಲಿ ನಾಲ್ಕು ವಾರಗಳ ಹೊತ್ತಿಗೆ ಸುಧಾರಿಸಿದವರ ಪ್ರಮಾಣ ಹೀಗಿತ್ತು: ಹುಸಿಮದ್ದು ಪಡೆದವರಲ್ಲಿ ಶೇ. 8, ಕಡಿಮೆ ಪ್ರಮಾಣದ ಪ್ರತಿಕಾಯ ಪಡೆದವರಲ್ಲಿ ಶೇ. 44, ಹೆಚ್ಚು ಪ್ರಮಾಣ ಪಡೆದವರಲ್ಲಿ ಶೇ. 79. ಪ್ರಮಾಣ ಏರಿದಂತೆ ಪರಿಣಾಮವೂ ಏರಿದ್ದರಿಂದ ಕಾಕತಾಳೀಯ ಎನ್ನಲು ಜಾಗ ಉಳಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಟಿಎನ್‌ಎಫ್ ಅನ್ನು ಕಂಡುಹಿಡಿದವರು ಇವರಲ್ಲ. ಪ್ರತಿಕಾಯವನ್ನು ತಯಾರಿಸಿದವರೂ ಇವರಲ್ಲ. ಆ ಪ್ರತಿಕಾಯಕ್ಕೆ ನ್ಯೂಯಾರ್ಕಿನ ಯಾನ್ ವಿಲ್ಚೆಕ್ ಅವರ ಪ್ರಯೋಗಾಲಯದಲ್ಲಿ ಬೇರಿದೆ. ಟಿಎನ್‌ಎಫ್ ತಡೆಯುವ ಪ್ರತಿಕಾಯಗಳನ್ನು ರಕ್ತನಂಜಿನ ರೋಗಿಗಳ ಮೇಲೂ ಪ್ರಯೋಗಿಸಿ ನೋಡಲಾಗಿತ್ತು, ಅಲ್ಲಿ ಅವು ನಿರಾಸೆ ಮಾಡಿದವು. ಹಾಗಾದರೆ ಸಿದ್ಧವಿದ್ದ ವಸ್ತುವನ್ನು ಸರಿಯಾದ ರೋಗಕ್ಕೆ ಹಚ್ಚಿದ್ದಷ್ಟೇ ಇವರ ಸಾಧನೆಯೇ? ಈ ಆಕ್ಷೇಪ ತಾನಾಗಿಯೇ ತನ್ನ ಉತ್ತರವನ್ನು ಹೊತ್ತು ತಂದಿದೆ. ಸರಿಯಾದ ರೋಗ ಯಾವುದು ಎಂದು ತಿಳಿಯದಿದ್ದುದರಿಂದಲೇ ಅದೇ ಬಗೆಯ ಪ್ರತಿಕಾಯ ರಕ್ತನಂಜಿನಲ್ಲಿ ಸೋತಿತು. ಐಎಲ್-1 ಅನ್ನೇ ಕೀಲು ಹಾಳುಮಾಡುವ ಮುಖ್ಯ ಅಪರಾಧಿಯೆಂದು ನಂಬಿದ್ದವರು ಅನೇಕರಿದ್ದರು. ಅದನ್ನು ತಡೆಯುವ ಅನಾಕಿನ್ರಾ 2001ರಲ್ಲಿ ಬಳಕೆಗೆ ಬಂದಾಗ ಸಂಧಿವಾತದಲ್ಲಿ ಅದರ ಬಲ ಟಿಎನ್‌ಎಫ್ ತಡೆಗಿಂತ ಕಡಿಮೆಯೆಂದು ತಿಳಿಯಿತು. ತಟ್ಟೆಯಲ್ಲಿನ ಪ್ರಯೋಗ ಹನ್ನೆರಡು ವರ್ಷ ಮೊದಲೇ ಸೂಚಿಸಿದ್ದು ಇದನ್ನೇ.

ಇನ್ನೊಂದು ಆಕ್ಷೇಪ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ, ಬಗ್ಗಿಸಲೂಬಾರದು. ಟಿಎನ್‌ಎಫ್ ಎಲ್ಲಕ್ಕಿಂತ ಮೇಲಿದೆ ಎಂಬ ಚಿತ್ರ ನಿಜವಾಗಿದ್ದರೆ, ಬೇರೆ ಕಡೆ ತಡೆದಾಗ ಅಷ್ಟೇ ಫಲ ಸಿಗಬಾರದಿತ್ತು. ಆದರೆ ಸಿಗುತ್ತದೆ. ಐಎಲ್-6ರ ಕೆಲಸ ನಿಲ್ಲಿಸುವ ಟೊಸಿಲಿಜುಮ್ಯಾಬ್, ಬಿ ಕೋಶಗಳನ್ನು ಕಡಿಮೆ ಮಾಡುವ ರಿಟುಕ್ಸಿಮ್ಯಾಬ್, ಟಿ ಕೋಶಗಳ ಪ್ರಚೋದನೆಯನ್ನು ತಗ್ಗಿಸುವ ಅಬಾಟಸೆಪ್ಟ್, ಈ ಮೂರೂ ಇದೇ ಕಾಯಿಲೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಉಪಕಾರ ಮಾಡುತ್ತವೆ. 2013ರಲ್ಲಿ ಪ್ರಕಟವಾದ ನೇರ ಹೋಲಿಕೆಯೊಂದರಲ್ಲಿ, ಸಾಮಾನ್ಯವಾಗಿ ಜೊತೆಗೆ ಕೊಡುವ ಮೆಥೊಟ್ರೆಕ್ಸೇಟ್ ಇಲ್ಲದೆ ಒಂಟಿಯಾಗಿ ಕೊಟ್ಟಾಗ ಟೊಸಿಲಿಜುಮ್ಯಾಬ್ ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್‌ಗಿಂತ ಮುಂದಿತ್ತು. ಟಿಎನ್‌ಎಫ್ ತಡೆ ಪಡೆದವರಲ್ಲೂ ಸುಮಾರು ಮೂರರಲ್ಲಿ ಒಬ್ಬರಿಗೆ ಸಾಕಷ್ಟು ಫಲ ಸಿಗುವುದಿಲ್ಲ. ಆದ್ದರಿಂದ ಮೇಲಿನಿಂದ ಕೆಳಕ್ಕೆ ಇಳಿಯುವ ಶ್ರೇಣಿ ಎಂಬ ಅವರ ವಿವರಣೆಯನ್ನು ನಾವು ತಿದ್ದಿಕೊಳ್ಳಬೇಕು. ಕೀಲಿನಲ್ಲಿರುವುದು ಹಲವು ಸುತ್ತುಗಳು ಒಂದಕ್ಕೊಂದು ಹೆಣೆದ ವ್ಯವಸ್ಥೆ. ಟಿಎನ್‌ಎಫ್ ಅದರ ದೊಡ್ಡ ಗಂಟುಗಳಲ್ಲಿ ಒಂದು. ಗಂಟನ್ನು ಗುರುತಿಸಿದ್ದು ಸರಿ, ಅದೊಂದೇ ಎಂದದ್ದು ಅತಿಯಾಯಿತು. ಮೊದಲ 20 ಮಂದಿಯಲ್ಲೂ ಔಷಧದ ಪ್ರಭಾವ ಇಳಿದಾಗ ಕಾಯಿಲೆ ಮರಳಿತು. ಅವರಲ್ಲಿ ಕೆಲವರಿಗೆ ಮತ್ತೆ ಕೊಟ್ಟಾಗ ಮತ್ತೆ ತಗ್ಗಿತು. ಈ ಮರುಕಳಿಕೆ ಸಿದ್ಧಾಂತಕ್ಕೆ ಒಳ್ಳೆಯ ಪುರಾವೆ. ಜೊತೆಗೆ, ಮೂಲ ಕಾರಣ ಮುಟ್ಟದೆ ಉಳಿದಿದೆ ಎಂಬುದಕ್ಕೂ ಅದೇ ಪುರಾವೆ.

ಕೀಲಿನ ಆಚೆಗೆ ಹೋದರೆ ಚಿತ್ರ ಇನ್ನಷ್ಟು ತೊಡಕಾಗುತ್ತದೆ. ಕರುಳಿನ ಕ್ರೋನ್ಸ್ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್ ಒಗ್ಗುತ್ತದೆ. ಅದೇ ಟಿಎನ್‌ಎಫ್ ಅನ್ನು ಬೇರೆ ರೀತಿಯಲ್ಲಿ ಹಿಡಿಯುವ ಎಟಾನರ್ಸೆಪ್ಟ್ ಒಗ್ಗುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಲ್ಲಿ ಟಿಎನ್‌ಎಫ್ ತಡೆದಾಗ ಕಾಯಿಲೆ ಉಲ್ಬಣಿಸಿತು. ಇವುಗಳಿಗಿಂತ ಗಂಭೀರವಾದದ್ದು ಕ್ಷಯ. ನಮ್ಮ ಶ್ವಾಸಕೋಶದಲ್ಲಿ ಕ್ಷಯದ ಬ್ಯಾಕ್ಟೀರಿಯಾಗಳನ್ನು ಮ್ಯಾಕ್ರೊಫೇಜ್‌ಗಳು ಸುತ್ತುವರಿದು ಗ್ರಾನುಲೋಮಾ ಎಂಬ ಪುಟ್ಟ ಕೋಶಗುಂಪಿನೊಳಗೆ ಕಟ್ಟಿಹಾಕುತ್ತವೆ. ಅದು ಕಟ್ಟಿಕೊಳ್ಳಲೂ ಗಟ್ಟಿಯಾಗಿ ನಿಲ್ಲಲೂ ಟಿಎನ್‌ಎಫ್ ಬೇಕು. ಇದು ಆಗ ಯಾರಿಗೂ ತಿಳಿಯದ ಸಂಗತಿಯಲ್ಲ. ಬ್ರೆನನ್ ಅವರ ಪ್ರಬಂಧ ಬಂದ 1989ರಲ್ಲೇ ಜಿನೀವಾದ ತಂಡವೊಂದು, ಕ್ಷಯದ ಲಸಿಕೆಯಲ್ಲಿ ಬಳಸುವ ಬಿಸಿಜಿ ಬ್ಯಾಕ್ಟೀರಿಯಾ ಹೊಕ್ಕ ಇಲಿಗಳಿಗೆ ಟಿಎನ್‌ಎಫ್ ತಡೆಯುವ ಪ್ರತಿಕಾಯ ಕೊಟ್ಟಾಗ ಗ್ರಾನುಲೋಮಾ ಬೆಳೆಯುವುದಿಲ್ಲ ಎಂದು ಪ್ರಕಟಿಸಿತ್ತು. ಎರಡೂ ಪ್ರಬಂಧಗಳು ಒಂದೇ ಪ್ರೊಟೀನಿನ ಬಗ್ಗೆ ಮಾತಾಡುತ್ತಿದ್ದವು; ಎರಡನ್ನೂ ಒಟ್ಟಿಗಿಟ್ಟು ಓದಿದ್ದರೆ ಎಚ್ಚರಿಕೆ ಸ್ಪಷ್ಟವಾಗಿತ್ತು. ಆದರೂ ಪ್ರತಿ ರೋಗಿಗೂ ಮೊದಲೇ ಕ್ಷಯದ ತಪಾಸಣೆ ಆಗಲೇಬೇಕೆಂಬ ನಿಯಮ ಗಟ್ಟಿಯಾದದ್ದು ಔಷಧ ಮಾರುಕಟ್ಟೆಗೆ ಬಂದ ಬಳಿಕ. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 70 ಕ್ಷಯ ಪ್ರಕರಣಗಳನ್ನು 2001ರ ವರದಿಯೊಂದು ಪಟ್ಟಿ ಮಾಡಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಶ್ವಾಸಕೋಶದ ಆಚೆಗೂ ಹರಡಿತ್ತು. ಕ್ಷಯ ವಿರಳವಾದ ದೇಶಗಳಿಂದಲೇ ಬಹುಪಾಲು ಪ್ರಕರಣಗಳು ಬಂದಿದ್ದವೆಂಬುದನ್ನು ಗಮನಿಸಬೇಕು.

ಇದನ್ನು ಫೆಲ್ಡ್‌ಮನ್, ಮೈನಿ ಅವರ ವೈಯಕ್ತಿಕ ತಪ್ಪೆಂದು ಹೇಳುವುದು ನ್ಯಾಯವಲ್ಲ. ಅವರ ಪ್ರಯೋಗಗಳಲ್ಲಿದ್ದ ರೋಗಿಗಳು ಕೆಲವೇ ಮಂದಿ, ಅವಧಿ ಚಿಕ್ಕದು, ನೆಲ ಯುರೋಪಿನದು. ಆದರೆ ಅವರ ವಿಧಾನದಲ್ಲೇ ಒಂದು ಕುರುಡುಚುಕ್ಕೆ ಇತ್ತೆಂದು ಹೇಳಲೇಬೇಕು. ಕೀಲಿನ ಅಂಗಾಂಶವನ್ನು ಮಾತ್ರ ಪ್ರಶ್ನಿಸಿದರೆ, ಟಿಎನ್‌ಎಫ್ ಕೀಲಿನಲ್ಲಿ ಮಾಡುವ ಕೇಡು ಮಾತ್ರ ಕಾಣುತ್ತದೆ. ಉರಿಯೂತವೆಂದರೆ ದೇಹ ಮರೆತು ಮಾಡುವ ತಪ್ಪಲ್ಲ. ಸೋಂಕನ್ನು ಕಟ್ಟಿಹಾಕುವುದಕ್ಕೂ ಗಾಯ ಮಾಯುವುದಕ್ಕೂ ಅದೇ ಕೋಶಗಳು, ಅದೇ ಪ್ರೊಟೀನುಗಳು ಬೇಕು. ಕೆಟ್ಟ ಉರಿಯೂತಕ್ಕೆ ಬೇರೆ ಕೋಶ, ಒಳ್ಳೆಯದಕ್ಕೆ ಬೇರೆ ಕೋಶ ಎಂದಿದ್ದರೆ ಚಿಕಿತ್ಸೆ ಎಷ್ಟು ಹಗುರವಾಗುತ್ತಿತ್ತು!

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನ ಇರುವ ಭಾರತದಲ್ಲಿ ಈ ಕುರುಡುಚುಕ್ಕೆ ಪುಸ್ತಕದ ಚರ್ಚೆಯಾಗಿ ಉಳಿಯುವುದಿಲ್ಲ. ನಮ್ಮ ಕಂಪನಿಗಳೇ ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್‌ಗಳನ್ನು, ಅಂದರೆ ಮೂಲ ಔಷಧವನ್ನು ಹೋಲುವ ಅಗ್ಗದ ಪ್ರತಿರೂಪಗಳನ್ನು, ತಯಾರಿಸುತ್ತವೆ. ಬೆಲೆ ಇಳಿದಂತೆ ಬಳಕೆ ಏರುವುದು ಸಹಜ, ಅದು ಒಳ್ಳೆಯದೂ ಹೌದು. ಆದರೆ ಲಂಡನ್ನಿನ ಲೆಕ್ಕವನ್ನು ಇಲ್ಲಿಗೆ ಹಾಗೇ ತರಲಾಗದು. ಬಿಸಿಜಿ ಲಸಿಕೆ ಪಡೆದ ನಮ್ಮಲ್ಲಿ, ಕ್ಷಯದ ಸೋಂಕನ್ನು ಚರ್ಮದಲ್ಲಿ ಪತ್ತೆಹಚ್ಚುವ ಮಾಂಟೂ ಪರೀಕ್ಷೆಯ ಫಲಿತಾಂಶವನ್ನು ಅರ್ಥೈಸುವುದು ಕಷ್ಟ, ಒಂದು ಪರೀಕ್ಷೆ ಋಣಾತ್ಮಕವಾದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಫೆಲ್ಡ್‌ಮನ್ ಮತ್ತು ಮೈನಿ ಅವರ ಕೆಲಸ ಇಪ್ಪತ್ತನೇ ಶತಮಾನದ ಕೊನೆಯ ದಶಕಗಳ ವೈದ್ಯಕೀಯ ಸಂಶೋಧನೆಯಲ್ಲಿ ಅತ್ಯುತ್ತಮವಾದದ್ದು ಎಂಬ ನನ್ನ ನಂಬಿಕೆ ಇದರಿಂದ ಸಡಿಲವಾಗುವುದಿಲ್ಲ. ಆದರೆ ಅವರು ಕೀಲಿಗೆ ಕೇಳಿದ ಪ್ರಶ್ನೆಯನ್ನು, ಕ್ಷಯದ ಬ್ಯಾಕ್ಟೀರಿಯಾ ಮಲಗಿರುವ ದೇಹಕ್ಕೂ ಕೇಳಬೇಕಾದವರು ನಮ್ಮ ಸಂಶೋಧಕರು. ಈ ಔಷಧಗಳನ್ನು ತೆಗೆದುಕೊಳ್ಳಬೇಕಾಗಿ ಬಂದ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಮೊದಲ ಚುಚ್ಚುಮದ್ದಿಗೆ ಮುನ್ನ ಎದೆಯ ಎಕ್ಸ್‌ರೇ, ಸುಪ್ತ ಕ್ಷಯದ ಪರೀಕ್ಷೆ ಎರಡೂ ಆಗಿವೆಯೇ ಎಂದು ವೈದ್ಯರನ್ನು ಕೇಳಿ, ಆಮೇಲೆ ವಾರಗಟ್ಟಲೆ ಜ್ವರ, ಕೆಮ್ಮು ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಕಂಡರೆ ತಡಮಾಡದೆ ಅವರ ಬಳಿಗೆ ಹೋಗಿ.